ವರ್ಷನ್ ಇರಬೇಕಾದ್ದು ಕೆಲಸದ ಫೋಲ್ಡರಿನಲ್ಲಿ

ದೊಡ್ಡಗದ್ದವಳ್ಳಿಯಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಒಂದೇ ಬಗೆಯ ಕೆಲಸ ಸಿಗುವುದಿಲ್ಲ. ಬೆಂಗಳೂರಿನ ಕಂಪನಿಯೊಂದರ ಕೆಲಸ ಮನೆಯಿಂದಲೇ ನಡೆಯುತ್ತದೆ, ಅದಕ್ಕೆ ನೋಡ್ 20 ಬೇಕು. ಹೊಳೆನರಸೀಪುರದ ಶಾಲೆಯೊಂದರ ಫೀ ಲೆಕ್ಕ ಪೈಥಾನ್ 3.6 ಮತ್ತು ಜ್ಯಾಂಗೊ 1.11ರಲ್ಲಿ ಬರೆದದ್ದು. ಅರಕಲಗೂಡಿನ ಗೊಬ್ಬರದ ಅಂಗಡಿಯೊಂದರ ಬಿಲ್ಲಿಂಗು ಪಿಎಚ್‌ಪಿ 5.6ರ ಕಾಲದ್ದು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಇಆರ್‌ಪಿನೆಕ್ಸ್ಟ್ ಇಟ್ಟುಕೊಂಡಿದ್ದಾರೆ, ಅದರ 14ನೇ ವರ್ಷನ್ನು ಪೈಥಾನ್ 3.10ಕ್ಕಿಂತ ಕೆಳಗೆ ಓಡುವುದಿಲ್ಲ. ಇವುಗಳ ಜೊತೆಗೆ ಹಾಸನದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗಾಗಿ ಶಾಸನಪಾಠಗಳ ಪದಪಟ್ಟಿ ಮಾಡುವ ಕೆಲಸ ಉಂಟು. ನನಗೆ ತೀರಾ ಇಷ್ಟವಾದ ಕೆಲಸ ಅದೇ. ಎಲ್ಲವೂ ಇರುವುದು ಒಂದೇ ಲ್ಯಾಪ್‌ಟಾಪಿನಲ್ಲಿ.

ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ. ಒಂದನ್ನು ಹೊಸದು ಮಾಡಿದರೆ ಮತ್ತೊಂದು ನಿಲ್ಲುತ್ತದೆ. ಇಷ್ಟು ವರ್ಷ ಇವನ್ನೆಲ್ಲ ಒಟ್ಟಿಗೆ ಸಾಕಿಕೊಂಡು ಬಂದ ಮೇಲೆ ನನ್ನಲ್ಲಿ ಗಟ್ಟಿಯಾಗಿ ಕೂತಿರುವ ವಿಚಾರ ಇದು: 'ಈ ಕಂಪ್ಯೂಟರಿನಲ್ಲಿ ಯಾವ ಪೈಥಾನ್ ಇದೆ' ಎಂದು ಕೇಳಿ ಪ್ರಯೋಜನವಿಲ್ಲ, 'ಈ ಕೆಲಸಕ್ಕೆ ಯಾವ ಪೈಥಾನ್ ಬೇಕು' ಎಂದು ಕೇಳಬೇಕು. ಅದರ ಉತ್ತರ ಆ ಕೆಲಸದ ಫೋಲ್ಡರಿನಲ್ಲೇ ಬರೆದಿರಬೇಕು. ಯಾರ ನೆನಪಿನಲ್ಲೋ ಯಾರದೋ ಯಂತ್ರದಲ್ಲೋ ಇದ್ದರೆ ಸಾಲದು.

ಇದು ಎಷ್ಟು ಮುಖ್ಯ ಎಂದು ಹಾಸನದ ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ನಮ್ಮೂರ ಹುಡುಗನೊಬ್ಬ ಲ್ಯಾಪ್‌ಟಾಪು ಹಿಡಿದು ಬಂದ ದಿನ ಚೆನ್ನಾಗಿ ಕಂಡಿತು.

"ಅಣ್ಣಾ, ಟರ್ಮಿನಲ್ಲೇ ಓಪನ್ ಆಗ್ತಿಲ್ಲ. ಫಾರ್ಮ್ಯಾಟ್ ಮಾಡಿಸ್ಬೇಕಾ?"

"ಅದಕ್ಕೆ ಮುಂಚೆ ಏನ್ ಮಾಡಿದ್ದೆ?"

"ಏನಿಲ್ಲ ಅಣ್ಣ. 3.8 ಇತ್ತು, ಪ್ರಾಜೆಕ್ಟಿಗೆ 3.11 ಬೇಕು ಅಂತು. ಪೈಥಾನ್ ಬದಲಾಯಿಸ್ದೆ, ಅಷ್ಟೆ."

ಅವನದು ಉಬುಂಟು 20.04. ಅದರೊಂದಿಗೆ ಬರುವ ಪೈಥಾನ್ 3.8 ನಮ್ಮ ಪ್ರಾಜೆಕ್ಟುಗಳಿಗೆಂದು ಇಟ್ಟದ್ದಲ್ಲ, ಉಬುಂಟು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡದ್ದು. ಟರ್ಮಿನಲ್ ಐಕಾನು ಒತ್ತಿದಾಗ ಮೊದಲು ಓಡುವುದೇ ಪೈಥಾನಿನಲ್ಲಿ ಬರೆದ ಒಂದು ಪುಟ್ಟ ಸ್ಕ್ರಿಪ್ಟು. ಅದಕ್ಕೆ ಬೇಕಾದ ಲೈಬ್ರರಿಗಳನ್ನು 3.8ಕ್ಕೆ ಹೊಂದುವಂತೆ ಕಟ್ಟಿರುತ್ತಾರೆ. ಹುಡುಗ 'ಪೈಥಾನ್3' ಎಂಬ ಹೆಸರನ್ನು 3.11ರ ಕಡೆಗೆ ತಿರುಗಿಸಿದ್ದ. ಸ್ಕ್ರಿಪ್ಟು ಎದ್ದಿತು, ತನ್ನ ಲೈಬ್ರರಿ ಹುಡುಕಿತು, ಸಿಗಲಿಲ್ಲ, ಸದ್ದಿಲ್ಲದೆ ಮಲಗಿತು. ಪರದೆಯ ಮೇಲೆ ತಪ್ಪಿನ ಸಂದೇಶ ಕೂಡ ಬರುವುದಿಲ್ಲವಾದ್ದರಿಂದ ಹುಡುಗರು ಗಾಬರಿಯಾಗುತ್ತಾರೆ. ಪ್ಯಾಕೇಜು ಹಾಕುವ ಆಪ್ಟ್‌ನ ಕೆಲವು ಭಾಗಗಳೂ ಹೀಗೇ ಕೈಕೊಡುತ್ತವೆ.

ಫಾರ್ಮ್ಯಾಟ್ ಏನೂ ಬೇಕಿರಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯೊಂದು ಬರುತ್ತದೆ. ಅದಕ್ಕೆ ಟರ್ಮಿನಲ್ ಕಿಟಕಿಯ ಹಂಗಿಲ್ಲ. ಅಲ್ಲಿ ಲಾಗಿನ್ ಆಗಿ ಆ ಲಿಂಕನ್ನು ಮತ್ತೆ 3.8ರ ಕಡೆ ತಿರುಗಿಸಿದೆ, ಎಲ್ಲ ಮೊದಲಿನಂತಾಯಿತು. 3.11 ಅದರ ಪಾಡಿಗೆ ಪಕ್ಕದಲ್ಲೇ ಇರಲಿ, ಅದನ್ನು ಅದರ ಪೂರ್ತಿ ಹೆಸರಿನಿಂದಲೇ ಕರೆ, ಅದರ ಮೇಲೆ ಪ್ರಾಜೆಕ್ಟಿನೊಳಗೇ ಒಂದು ವೆನ್ವ್ ಕಟ್ಟಿಕೋ ಎಂದು ತೋರಿಸಿಕೊಟ್ಟೆ. ಈ ತೊಂದರೆ ಜಗತ್ತಿನ ಎಲ್ಲ ಕಡೆಯೂ ಇದ್ದದ್ದರಿಂದಲೇ 2023ರಲ್ಲಿ ಡೆಬಿಯನ್ 12 ಮತ್ತು ಉಬುಂಟು 23.04 ಒಂದು ಬೇಲಿ ಹಾಕಿದವು. ಈಗ ಸಿಸ್ಟಮ್ಮಿನ ಪೈಥಾನಿಗೆ ಲೈಬ್ರರಿ ಹಾಕಲು ನೇರವಾಗಿ ಪಿಪ್ ಇನ್‌ಸ್ಟಾಲ್ ಹೊಡೆದರೆ ಅದು ಒಪ್ಪುವುದಿಲ್ಲ, ವೆನ್ವ್ ಮಾಡಿಕೊಳ್ಳಿ ಎನ್ನುತ್ತದೆ. ಬೇಲಿ ದಾಟುವ ಆಪ್ಷನ್ನೂ ಅದೇ ಸಂದೇಶದಲ್ಲಿದೆ, ಅದನ್ನು ಕಾಪಿ ಮಾಡಿ ಹಾಕುವ ಹುಡುಗರೂ ಇದ್ದಾರೆ. ನನ್ನ ಹತ್ತಿರ ಬರುವ ಯಾರಿಗೂ ನಾನು ಅದನ್ನು ಹೇಳಿಕೊಡುವುದಿಲ್ಲ.

ವೆನ್ವ್ ಎಂದರೆ ಬಹಳ ಜನ ಒಂದು ದೊಡ್ಡ ಯಂತ್ರವನ್ನು ಕಲ್ಪಿಸಿಕೊಳ್ಳುತ್ತಾರೆ. ಅದೊಂದು ಮಾಮೂಲಿ ಫೋಲ್ಡರು. 2012ರ ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಬರುತ್ತಿದೆ. ತೆರೆದು ನೋಡಿದರೆ ಒಳಗೆ ಅಸಲು ಪೈಥಾನಿಗೆ ಒಂದು ಕೊಂಡಿ, ಈ ಪ್ರಾಜೆಕ್ಟಿಗೆ ಹಾಕಿದ ಲೈಬ್ರರಿಗಳು, ಆ ಅಸಲು ಎಲ್ಲಿದೆ ಎಂದು ಹೇಳುವ ನಾಲ್ಕಾರು ಸಾಲಿನ ಫೈಲು. ಇನ್ನೊಂದು ವಿಷಯ ಗೊತ್ತಿರಬೇಕು: ಒಳಗಿನ ಸ್ಕ್ರಿಪ್ಟುಗಳಲ್ಲಿ ಫೋಲ್ಡರಿನ ಪೂರ್ತಿ ವಿಳಾಸ ಬರೆದಿರುತ್ತದೆ. ಹಾಗಾಗಿ ಫೋಲ್ಡರಿನ ಹೆಸರು ಬದಲಿಸಿದರೆ, ಪೆನ್‌ಡ್ರೈವಿಗೆ ಹಾಕಿ ಬೇರೆಯವರಿಗೆ ಕೊಟ್ಟರೆ ಅದು ಓಡುವುದಿಲ್ಲ. ಕೊಡಬೇಕಾದ್ದು ವೆನ್ವ್ ಅನ್ನಲ್ಲ, ಅದನ್ನು ಮತ್ತೆ ಕಟ್ಟಲು ಬೇಕಾದ ಪಟ್ಟಿಯನ್ನು. ನನ್ನ ಯಾವ ವೆನ್ವ್ ಅನ್ನಾದರೂ ಯಾವಾಗ ಬೇಕಾದರೂ ಅಳಿಸಿ ಹತ್ತು ನಿಮಿಷದಲ್ಲಿ ಮತ್ತೆ ಕಟ್ಟುವಂತಿರಬೇಕು, ಹಾಗೆ ಕಟ್ಟಲಾಗದ ಪ್ರಾಜೆಕ್ಟು ಈಗಾಗಲೇ ಕಾಯಿಲೆ ಬಿದ್ದಿದೆ ಎಂದೇ ನಾನು ತಿಳಿಯುತ್ತೇನೆ.

ಈಗ ಮೇಷ್ಟ್ರ ಕೆಲಸಕ್ಕೆ ಬರುತ್ತೇನೆ. ವರ್ಷನ್ನಿನ ವಿಚಾರ ಪ್ರೋಗ್ರಾಮರುಗಳ ಮನೆಯೊಳಗಿನ ಜಗಳ, ಕನ್ನಡಕ್ಕೂ ಅದಕ್ಕೂ ಏನು ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುವುದು.

ಅವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಹಾಸನ ಸೀಮೆಯಲ್ಲಿ ಶಾಸನಗಳಿಗೆ ಬರವಿಲ್ಲ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟವನ್ನು ಪೂರ್ತಿ ಹಾಸನ ಜಿಲ್ಲೆಗೇ ಮೀಸಲಿಟ್ಟಿದ್ದರು. ನಮ್ಮೂರ ಲಕ್ಷ್ಮೀದೇವಿ ಗುಡಿಯೇ 12ನೇ ಶತಮಾನದ ಆರಂಭದ್ದು, ಹೊಯ್ಸಳರ ಕಾಲದ ಹಳೆಯ ಗುಡಿಗಳಲ್ಲಿ ಒಂದು. ಮೇಷ್ಟ್ರು ಶಾಸನಪಾಠಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಯಾವ ಪದ ಎಲ್ಲೆಲ್ಲಿ ಬಂದಿದೆ ಎಂಬ ಪಟ್ಟಿ ಮಾಡುತ್ತಿದ್ದಾರೆ. ಪಟ್ಟಿ ತೆಗೆಯುವ ಸ್ಕ್ರಿಪ್ಟು ನನ್ನದು. ಅವರ ಮನೆಯ ವಿಂಡೋಸ್ ಯಂತ್ರಕ್ಕೂ ಅದನ್ನು ಹಾಕಿಕೊಟ್ಟಿದ್ದೆ.

ಒಂದು ಸಂಜೆ ಫೋನು ಬಂತು. "ಏನಯ್ಯ, ನೀನು ಕಳಿಸಿದ ಪಟ್ಟೀಲಿ 'ಮಗನ್' ಅಂತ ಇದೆ. ನನ್ನ ಪಟ್ಟೀಲಿ ಬರೀ 'ಮಗ' ಅಂತ ಬಂದಿದೆ. ಕೊನೇ ಅಕ್ಷರ ಎಲ್ಲಿ ಹೋಯ್ತು?"

"ನಿಮ್ಮ ಫೈಲು, ನನ್ನ ಫೈಲು ಒಂದೇ ತಾನೆ ಸಾರ್?"

"ಒಂದೇ ಕಣಯ್ಯ. ನೀನೇ ಕಳಿಸಿದ್ದು."

ಒಂದೇ ಫೈಲು, ಒಂದೇ ಸ್ಕ್ರಿಪ್ಟು, ಎರಡು ಪಟ್ಟಿ. ಕಾರಣ ಹೀಗೆ. ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಪ್ರತ್ಯೇಕ ರೂಪವೊಂದಿದೆ, ಅದಕ್ಕೆ ನಕಾರ ಪೊಲ್ಲು ಎನ್ನುತ್ತಾರೆ. ಮೇಷ್ಟ್ರು ಮೂಲದಲ್ಲಿ ಇದ್ದುದನ್ನು ಇದ್ದಂತೆಯೇ ಇಳಿಸಬೇಕು ಎನ್ನುವವರು, ಅದನ್ನೇ ಬಳಸುತ್ತಾರೆ. ಆ ಅಕ್ಷರ ಯೂನಿಕೋಡಿಗೆ ಸೇರಿದ್ದು 2021ರ ಸೆಪ್ಟೆಂಬರಿನಲ್ಲಿ, 14ನೇ ವರ್ಷನ್ನಿನಲ್ಲಿ. ಪ್ರತಿಯೊಂದು ಪೈಥಾನೂ ತಾನು ಬಿಡುಗಡೆಯಾದ ಕಾಲದ ಯೂನಿಕೋಡ್ ಕೋಷ್ಟಕವನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ಇರುತ್ತದೆ. ಪೈಥಾನ್ 3.9 ಮತ್ತು 3.10ರಲ್ಲಿರುವುದು ಯೂನಿಕೋಡ್ 13, 3.11ರಲ್ಲಿ 14, 3.12ರಲ್ಲಿ 15. ನನ್ನ ಯಂತ್ರದಲ್ಲಿ ಸ್ಕ್ರಿಪ್ಟು ಓಡುತ್ತಿದ್ದದ್ದು 3.12ರಲ್ಲಿ. ಮೇಷ್ಟ್ರ ಯಂತ್ರದಲ್ಲಿ 3.9 ಇತ್ತು. ಪದದ ಕೊನೆಗೆ ಅಂಟಿಕೊಂಡ ಚುಕ್ಕಿ, ಗೆರೆ, ಅಕ್ಷರವಲ್ಲದ್ದನ್ನೆಲ್ಲ ತೆಗೆದುಹಾಕು ಎಂದು ಸ್ಕ್ರಿಪ್ಟಿನಲ್ಲಿ ಒಂದು ಸಾಲಿದೆ. 3.9ರ ಕೋಷ್ಟಕದಲ್ಲಿ ನಕಾರ ಪೊಲ್ಲಿನ ಜಾಗ ಖಾಲಿ. ಹಾಗಾಗಿ ಅದರ ಲೆಕ್ಕದಲ್ಲಿ ಅದು ಅಕ್ಷರವೇ ಅಲ್ಲ, ಕಸ. ತೆಗೆದು ಹಾಕಿತು. ದೋಷ ತೋರಿಸಲಿಲ್ಲ, ನಿಲ್ಲಲಿಲ್ಲ, ಅಚ್ಚುಕಟ್ಟಾದ ತಪ್ಪು ಪಟ್ಟಿ ಕೊಟ್ಟಿತು. ಮೇಷ್ಟ್ರು ಸಾಲು ಸಾಲಾಗಿ ಓದುವವರಲ್ಲದಿದ್ದರೆ ಆ ಪಟ್ಟಿಯೇ ಅಚ್ಚಿಗೆ ಹೋಗುತ್ತಿತ್ತು.

ಪ್ರೋಗ್ರಾಮು ನಿಂತರೆ ಯಾರಿಗಾದರೂ ಗೊತ್ತಾಗುತ್ತದೆ. ಹೀಗೆ ಸದ್ದಿಲ್ಲದೆ ಬೇರೆ ಉತ್ತರ ಕೊಡುವುದೇ ನನಗೆ ಹೆಚ್ಚು ಭಯ ತರುವ ಸಂಗತಿ.

ಅದೇ ಸ್ಕ್ರಿಪ್ಟಿನಲ್ಲಿ ಇನ್ನೊಂದು ಪದರವೂ ಇದೆ. ಪೈಥಾನಿನ ಜೊತೆಗೇ ಬರುವ ಪದ ಹುಡುಕುವ ಮಾಡ್ಯೂಲಿಗೆ ಕನ್ನಡದ ಗುಣಿತ ಚಿಹ್ನೆಗಳು ಪದದ ಭಾಗ ಎಂದು ಗೊತ್ತಾಗುವುದಿಲ್ಲ, 'ಹಾಸನ' ಎಂಬುದನ್ನು ದೀರ್ಘದ ಹತ್ತಿರ ಕತ್ತರಿಸಿಬಿಡುತ್ತದೆ. ಅದಕ್ಕಾಗಿ ಕನ್ನಡದ ಪಠ್ಯದ ಜೊತೆ ಕೆಲಸ ಮಾಡುವವರು ಹೊರಗಿನ ರೆಜೆಕ್ಸ್ ಲೈಬ್ರರಿ ಹಾಕಿಕೊಳ್ಳುತ್ತಾರೆ. ಆ ಲೈಬ್ರರಿಯೂ ತನ್ನದೇ ಆದ ಯೂನಿಕೋಡ್ ಕೋಷ್ಟಕ ಇಟ್ಟುಕೊಂಡಿದೆ. 2020ರ ರೆಜೆಕ್ಸ್ ಇದ್ದರೆ, ಪೈಥಾನ್ ಎಷ್ಟೇ ಹೊಸದಿರಲಿ, ನಕಾರ ಪೊಲ್ಲು ಅದಕ್ಕೆ ಗೊತ್ತಿಲ್ಲ. ಅಂದರೆ ಭಾಷೆಯ ವರ್ಷನ್ನು, ಲೈಬ್ರರಿಯ ವರ್ಷನ್ನು, ಎರಡೂ ಸರಿಯಿದ್ದರೆ ಮಾತ್ರ 'ಮಗನ್' ಎಂಬುದು 'ಮಗನ್' ಆಗಿಯೇ ಉಳಿಯುತ್ತದೆ.

ಹಿಂದಿನದು ಇನ್ನೂ ಕಷ್ಟವಿತ್ತು. ಪೈಥಾನ್ 2ರಲ್ಲಿ, ಯೂನಿಕೋಡ್ ಎಂದು ಗುರುತು ಹಾಕದೆ 'ಹಾಸನ' ಎಂದು ಬರೆದು ಉದ್ದ ಕೇಳಿದರೆ 12 ಎನ್ನುತ್ತಿತ್ತು, ಯಾಕೆಂದರೆ ಅದು ಬೈಟುಗಳನ್ನು ಎಣಿಸುತ್ತಿತ್ತು. ಪೈಥಾನ್ 3 ಹೇಳುವುದು 4. ಓದುವ ಕಣ್ಣಿಗೆ ಇರುವುದು ಮೂರು ಅಕ್ಷರ. ಪೈಥಾನ್ 2 ಅಧಿಕೃತವಾಗಿ ನಿಂತದ್ದು 2020ರ ಜನವರಿ 1ಕ್ಕೆ. ಆದರೆ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಪುಸ್ತಕಗಳನ್ನು ಯೂನಿಕೋಡಿಗೆ ತರುವ ನನ್ನ ಹಳೆಯ ಸ್ಕ್ರಿಪ್ಟೊಂದು ಇವತ್ತಿಗೂ 2.7ರಲ್ಲೇ ಇದೆ, ಅದು ಬೈಟಿನ ಲೆಕ್ಕವನ್ನೇ ನಂಬಿ ಬರೆದದ್ದು. ಮೂರಕ್ಕೆ ತಂದರೆ ಎಲ್ಲ ಸಾಲನ್ನೂ ಮತ್ತೆ ಪರೀಕ್ಷಿಸಬೇಕು. ಸದ್ಯಕ್ಕೆ ಅದನ್ನು ಅದರ ಫೋಲ್ಡರಿನಲ್ಲಿ ಅದರ ಪೈಥಾನಿನ ಜೊತೆ ಬಿಟ್ಟಿದ್ದೇನೆ.

ಮೇಷ್ಟ್ರ ಯಂತ್ರಕ್ಕೆ 3.12 ಹಾಕಿದೆ. ವಿಂಡೋಸಿನಲ್ಲಿ ಪೈಥಾನಿನ ಜೊತೆ ಬರುವ 'ಪೈ' ಎಂಬ ಪುಟ್ಟ ಲಾಂಚರಿಗೆ ವರ್ಷನ್ ಹೇಳಿದರೆ ಅದೇ ತೆರೆಯುತ್ತದೆ, 3.9 ಕೂಡ ಪಕ್ಕದಲ್ಲೇ ಇರಬಹುದು. ಸ್ಕ್ರಿಪ್ಟಿನ ತಲೆಯಲ್ಲಿ ಎರಡು ಸಾಲು ಸೇರಿಸಿದೆ: ಯೂನಿಕೋಡ್ ಕೋಷ್ಟಕ 14ಕ್ಕಿಂತ ಹಳೆಯದಾಗಿದ್ದರೆ ಓಡಬೇಡ, ಯಾಕೆ ಓಡುತ್ತಿಲ್ಲ ಎಂದು ಕನ್ನಡದಲ್ಲಿ ಹೇಳು. ಫೋಲ್ಡರಿನಲ್ಲಿ ಪೈಥಾನ್ ವರ್ಷನ್ನಿನ ಒಂದು ಫೈಲು, ರೆಜೆಕ್ಸ್ ವರ್ಷನ್ನಿನ ಒಂದು ಲಾಕ್ ಫೈಲು. ಪದಪಟ್ಟಿಯ ಕೊನೆಯ ಪುಟದಲ್ಲೂ ಆ ವರ್ಷನ್ನುಗಳು ಅಚ್ಚಾಗಬೇಕು ಎಂದು ಮೇಷ್ಟ್ರೇ ಹೇಳಿದರು. ಯಾವ ಪ್ರತಿಯಿಂದ ಪಾಠ ತೆಗೆದುಕೊಂಡೆವು ಎಂದು ಬರೆಯುವುದಿಲ್ಲವೇ, ಇದೂ ಅಷ್ಟೆ ಎಂಬುದು ಅವರ ವಾದ. ನನಗೆ ಅದು ಬಹಳ ಸರಿ ಎನ್ನಿಸಿತು.

ಲಾಕ್ ಫೈಲಿನ ಬಗ್ಗೆ ಒಂದಿಷ್ಟು. ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳ ಹೆಸರು ಬರೆದಿಟ್ಟರೆ ಸಾಕು ಎಂದುಕೊಳ್ಳುವವರು ಈಗಲೂ ಬಹಳ. ನಮ್ಮ ಕಡೆ ಆಲೂಗಡ್ಡೆ ಬೆಳೆಯುವ ಯಾರೂ ಬರೀ 'ಆಲೂಗಡ್ಡೆ ಬಿತ್ತನೆ ಕೊಡಿ' ಎಂದು ಕೇಳಿ ತರುವುದಿಲ್ಲ. ಕುಫ್ರಿ ಜ್ಯೋತಿಯೇ, ಎಲ್ಲಿಂದ ಬಂದದ್ದು, ಯಾವ ಲಾಟು ಎಂದು ಚೀಲದ ಚೀಟಿ ನೋಡುತ್ತಾರೆ. ಲಾಕ್ ಫೈಲು ಆ ಚೀಟಿ. ನಾವು ಕೇಳಿದ ಲೈಬ್ರರಿಯ ನಿಖರ ವರ್ಷನ್ನು, ಆ ಲೈಬ್ರರಿ ತನಗಾಗಿ ಎಳೆದುಕೊಂಡ ಬೇರೆ ಲೈಬ್ರರಿಗಳ ನಿಖರ ವರ್ಷನ್ನು, ಇಳಿಸಿಕೊಂಡ ಫೈಲು ಅಸಲಿಯೇ ಎಂದು ತಾಳೆ ನೋಡಲು ಹ್ಯಾಷು, ಎಲ್ಲ ಅದರಲ್ಲಿರುತ್ತದೆ. ನಾವು ಹೆಸರಿಟ್ಟು ಕೇಳದ ಲೈಬ್ರರಿಗಳೇ ಹೆಚ್ಚು ಸಲ ತೊಂದರೆ ಕೊಡುವುದು. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಬರೆದವರು ಎನ್‌ಪಿಎಂನಿಂದ ವಾಪಸು ತೆಗೆದುಕೊಂಡರು. ಅದರ ಹೆಸರೇ ಕೇಳಿರದ ಎಷ್ಟೋ ಕಂಪನಿಗಳ ಕೆಲಸ ಜಗತ್ತಿನಾದ್ಯಂತ ನಿಂತಿತು. ಮರುವರ್ಷ, 2017ರಲ್ಲಿ, ಎನ್‌ಪಿಎಂ 5 ಲಾಕ್ ಫೈಲನ್ನು ತಾನಾಗಿ ಬರೆಯತೊಡಗಿತು. ಅದನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಹುಡುಗರಿಗೆ ಎಲ್ಲ ಕಡೆ ಸಿಗುತ್ತದೆ. ಆಗ ಸರಿಹೋದದ್ದೇನು, ಕೆಟ್ಟದ್ದೇನು ಎರಡೂ ಗೊತ್ತಾಗುವುದಿಲ್ಲ.

ನೋಡ್‌ಗೆ ನಾನು ಎನ್‌ವಿಎಂ ಬಳಸುತ್ತೇನೆ. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ವರ್ಷನ್ ಬರೆದ ಒಂದು ಫೈಲು ಇಟ್ಟರೆ ಒಂದು ಆದೇಶಕ್ಕೆ ಅದೇ ನೋಡ್ ಎದ್ದು ನಿಲ್ಲುತ್ತದೆ. 2021ರಲ್ಲಿ ಬಂದ ನೋಡ್ 17 ಓಪನ್‌ಎಸ್‌ಎಸ್‌ಎಲ್ 3ಕ್ಕೆ ಹಾರಿದಾಗ ವೆಬ್‌ಪ್ಯಾಕ್ 4 ಇದ್ದ ಪ್ರಾಜೆಕ್ಟುಗಳೆಲ್ಲ ನಿಂತವು, ಅದು ಬಳಸುತ್ತಿದ್ದ ಹಳೆಯ ಹ್ಯಾಷನ್ನು ಹೊಸದು ಒಪ್ಪುವುದಿಲ್ಲ. ಹಳೆಯದನ್ನು ಒಪ್ಪಿಕೋ ಎಂದು ಒತ್ತಾಯಿಸುವ ಆಪ್ಷನ್ನೊಂದಿದೆ. ತುರ್ತಿಗೆ ಸರಿ, ಪ್ರಾಜೆಕ್ಟಿನಲ್ಲಿ ಶಾಶ್ವತವಾಗಿ ಬರೆದಿಡಲು ಅಲ್ಲ.

ಅರಕಲಗೂಡಿನ ಅಂಗಡಿಯವರದು ಬೇರೆ ಕಥೆ. ಅವರ ಪ್ರೋಗ್ರಾಮು ಡೇಟಾಬೇಸನ್ನು ಮುಟ್ಟುವ ಹಳೆಯ ವಿಧಾನ 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಇಲ್ಲವಾಯಿತು. 5.6ಕ್ಕೆ ಸುರಕ್ಷತೆಯ ತಿದ್ದುಪಡಿಗಳು 2018ರ ಕೊನೆಗೆ ನಿಂತವು. "ಬಿಲ್ ಬರ್ತಾ ಇದೆಯಲ್ಲ, ಯಾಕೆ ಮುಟ್ತೀರಿ" ಎನ್ನುತ್ತಾರೆ ಅವರು. ಮುಂಗಾರಿನ ಹೊತ್ತಿನಲ್ಲಿ ಅಂಗಡಿ ಮುಂದೆ ನಿಂತ ಜನ ನೋಡಿದರೆ ಅವರ ಮಾತೂ ನಿಜವೇ. ಅದನ್ನು ಪೂರ್ತಿ ಒಂದು ಡಾಕರ್ ಕಂಟೇನರಿನೊಳಗೆ ಇಟ್ಟಿದ್ದೇನೆ. ಅಂಗಡಿಯ ಒಳಗಿನ ನೆಟ್‌ವರ್ಕಿಗೆ ಬಿಟ್ಟು ಹೊರಗೆ ಇಂಟರ್ನೆಟ್ಟಿಗೆ ಅದು ಕಾಣುವುದಿಲ್ಲ. ಮೊಬೈಲಿನಿಂದ ಮನೆಯಲ್ಲೇ ಬಿಲ್ಲು ನೋಡಬೇಕು ಎಂದು ಅವರು ಕೇಳಿದಾಗ ಅದೊಂದನ್ನು ಮಾತ್ರ ಒಪ್ಪಲಿಲ್ಲ, ಹೊಸದಾಗಿ ಬರೆಯುವವರೆಗೂ ಒಪ್ಪುವುದಿಲ್ಲ. ಹಳೆಯ ವರ್ಷನ್ನನ್ನು ಪ್ರತ್ಯೇಕವಾಗಿ ಇಟ್ಟರೆ ಬೇರೆ ಕೆಲಸಗಳಿಗೆ ಅದು ಅಡ್ಡ ಬರುವುದಿಲ್ಲ ನಿಜ, ಹಾಗೆಂದು ಅದರೊಳಗಿನ ತೂತು ಮುಚ್ಚುವುದಿಲ್ಲ.

ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಲೆಕ್ಕವಿದೆ, ನಗರದ ಗೆಳೆಯರು ಇದನ್ನು ಹೇಳುವುದು ಕಡಿಮೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಸಿಗ್ನಲ್ಲೂ ಸೊರಗುತ್ತದೆ. ಲಾಕ್ ಫೈಲು ಇದ್ದರೂ ಲೈಬ್ರರಿಗಳನ್ನು ಎಲ್ಲಿಂದಲಾದರೂ ಇಳಿಸಬೇಕಲ್ಲ. ಅದಕ್ಕೆ ಪ್ರತಿ ಪ್ರಾಜೆಕ್ಟಿಗೂ ಬೇಕಾದ ಪ್ಯಾಕೇಜುಗಳನ್ನೆಲ್ಲ ಪಿಪ್ ಡೌನ್‌ಲೋಡ್ ಹೊಡೆದು ಒಂದು ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಇಂಟರ್ನೆಟ್ಟಿಗೆ ಹೋಗಬೇಡ, ಈ ಫೋಲ್ಡರಿನಲ್ಲೇ ಹುಡುಕು ಎಂದು ಪಿಪ್‌ಗೆ ಹೇಳಬಹುದು. ಅಲ್ಲೂ ಎಚ್ಚರ ಬೇಕು. ಇಳಿಸಿದ ಹಲವು ಫೈಲುಗಳ ಹೆಸರಿನಲ್ಲಿ ಸಿಪಿ39, ಸಿಪಿ312 ಎಂದು ಇರುತ್ತದೆ, ಕೊನೆಯಲ್ಲಿ ಲಿನಕ್ಸೋ ವಿಂಡೋಸೋ ಎಂದೂ ಇರುತ್ತದೆ. ಲಿನಕ್ಸಿನ 3.12ಕ್ಕೆ ಇಳಿಸಿದ್ದು ವಿಂಡೋಸಿನ 3.9ಕ್ಕೆ ಆಗುವುದಿಲ್ಲ. ಹಾಸನಕ್ಕೆ ಮೇಷ್ಟ್ರ ಮನೆಗೆ ಹೊರಡುವ ಮುಂಚೆ ಆ ಹೆಸರುಗಳನ್ನು ಓದಿ ನೋಡುವುದು ನನಗೆ ರೂಢಿಯಾಗಿದೆ.

ಡಿಸ್ಕಿನ ಜಾಗದ ವಿಚಾರಕ್ಕೆ 2024ರಲ್ಲಿ ಬಂದ ಯೂವಿ ಎಂಬ ಪೈಥಾನ್ ಉಪಕರಣ ನನಗೆ ಬಹಳ ಅನುಕೂಲ ಮಾಡಿದೆ. ಒಂದೇ ಲೈಬ್ರರಿಯನ್ನು ಐದು ಪ್ರಾಜೆಕ್ಟಿಗೆ ಐದು ಸಲ ಇಡದೆ, ಒಂದು ಕಡೆ ಇಟ್ಟು ಎಲ್ಲಕ್ಕೂ ಕೊಂಡಿ ಹಾಕುತ್ತದೆ. ಬೇಕಾದ ಪೈಥಾನನ್ನು ಕಟ್ಟಿದ ರೂಪದಲ್ಲೇ ತರುತ್ತದೆ. 3.6ರಂಥ ಹಳೆಯದಕ್ಕೆ ಮಾತ್ರ ಪೈಎನ್‌ವ್ ಇಟ್ಟುಕೊಂಡಿದ್ದೇನೆ. ಅದು ಮೂಲದಿಂದ ಕಟ್ಟುತ್ತದೆ, ಕಟ್ಟುವಾಗ ಎಸ್‌ಎಸ್‌ಎಲ್ ಫೈಲುಗಳು ಯಂತ್ರದಲ್ಲಿ ಇಲ್ಲದಿದ್ದರೆ ಕಟ್ಟುವ ಕೆಲಸವೇ ದೋಷ ತೋರಿಸಿ ನಿಲ್ಲುತ್ತದೆ. ಎಲ್ಲ ಭಾಷೆಗೂ ಒಂದೇ ಉಪಕರಣ ಬೇಕೆನ್ನುವವರಿಗೆ ಎಎಸ್‌ಡಿಎಫ್, ಮೀಸ್ ಇವೆ. ಯಾವುದಾದರೂ ಸರಿ. ಉಪಕರಣ ಬದಲಾದರೂ ಫೋಲ್ಡರಿನಲ್ಲಿ ಬರೆದಿಟ್ಟ ವರ್ಷನ್ನು ಹಾಗೇ ಇರುತ್ತದೆ.

ಸದ್ಯ ಕೈಯಲ್ಲಿರುವುದು ಹೊಳೆನರಸೀಪುರದ ಶಾಲೆಯ ಕೆಲಸ. ಜ್ಯಾಂಗೊ 1.11ಕ್ಕೆ ಬೆಂಬಲ 2020ರಲ್ಲೇ ಮುಗಿದಿದೆ. ಅಲ್ಲಿ ಮಕ್ಕಳ ಹೆಸರು, ಅಪ್ಪ ಅಮ್ಮಂದಿರ ಫೋನ್ ನಂಬರು ಇವೆ, ಹಾಗೇ ಬಿಡಲು ಮನಸ್ಸಿಲ್ಲ. ಒಂದೇ ಸಲಕ್ಕೆ ಕೊನೆಯ ವರ್ಷನ್ನಿಗೆ ಹಾರುವುದು ಬೇಡ ಎಂದು ನಿರ್ಧರಿಸಿದ್ದೇನೆ. ಮೊದಲು ಪೈಥಾನ್ 3.6 ಹಾಗೇ ಇರಲಿ, ಜ್ಯಾಂಗೊ ಮಾತ್ರ 2.2ಕ್ಕೆ. ಅಲ್ಲಿ ಎಲ್ಲ ಫಾರಿನ್ ಕೀಗಳಿಗೂ, ಮೂಲ ದಾಖಲೆ ಅಳಿಸಿದರೆ ಏನಾಗಬೇಕು ಎಂದು ಬರೆಯಲೇಬೇಕು. ಶಾಲೆ ಬಿಟ್ಟ ಮಗುವಿನ ದಾಖಲೆ ಅಳಿಸಿದರೆ ಅದು ಕಟ್ಟಿದ ಫೀ ರಸೀದಿಯೂ ಅಳಿಯಬೇಕೇ ಎಂಬ ಪ್ರಶ್ನೆಗೆ ಉತ್ತರ ನನ್ನದಲ್ಲ, ಹೆಡ್‌ಮಿಸ್ ಅವರನ್ನು ಕೇಳಿದೆ. "ರಸೀದಿ ಮುಟ್ಟಬೇಡಿ, ಆಡಿಟ್ಟಿಗೆ ಬೇಕು" ಎಂದರು. ಹಾಗೇ ಬರೆದೆ. ಆಮೇಲೆ 3.6ರ ಮೇಲೆಯೇ ಜ್ಯಾಂಗೊ 3.2. ಅದಾದ ಮೇಲೆ ಜ್ಯಾಂಗೊ ಮುಟ್ಟದೆ ಪೈಥಾನನ್ನು 3.10ಕ್ಕೆ. ನಂತರ 4.2, ಅಲ್ಲಿ ಹಳೆಯ ಯುಆರ್‌ಎಲ್ ಬರೆಯುವ ರೀತಿ ಪೂರ್ತಿ ಹೋಗಿದೆ. ಕೊನೆಗೆ 3.10ರ ಮೇಲೆಯೇ 5.2. ಪ್ರತಿ ಮೆಟ್ಟಿಲಲ್ಲೂ ಒಂದೇ ಒಂದು ಬದಲಾವಣೆ, ಅದಕ್ಕೊಂದು ಹೊಸ ವೆನ್ವ್, ಎಚ್ಚರಿಕೆಗಳನ್ನೆಲ್ಲ ತೋರಿಸು ಎಂದು ಹೇಳಿ ಪರೀಕ್ಷೆಗಳ ಒಂದು ಸುತ್ತು, ಹಿಂದಿನ ವರ್ಷದ ಫೀ ಮೊತ್ತದ ಜೊತೆ ತಾಳೆ. ಈಗ 2.2ರಲ್ಲಿದೆ, ಮೊತ್ತ ಪೈಸೆಗೆ ಪೈಸೆ ಕೂಡಿದೆ. ಬೇಸಿಗೆ ರಜೆ ಮುಗಿದು ಹೊಸ ದಾಖಲಾತಿ ಶುರುವಾಗುವುದರೊಳಗೆ ಉಳಿದ ಮೆಟ್ಟಿಲುಗಳು ಆಗಬೇಕು. ಆಗದಿದ್ದರೆ 3.2ಕ್ಕೆ ನಿಲ್ಲಿಸಿ ದಸರಾ ರಜೆಗೆ ಮುಂದುವರಿಸುವುದು ಎಂದು ಹೆಡ್‌ಮಿಸ್ ಜೊತೆ ಮಾತಾಡಿಕೊಂಡಿದ್ದೇವೆ.